ಅಕ್ವೇರಿಯಂ ಪಕ್ಕದಲ್ಲಿ ಐಸ್ ಟ್ರೇಯೂ ಕಾಣಲಿ

ಮಾನ್ಯ ಸಂಪಾದಕರೇ,

ದಸರಾ, ಕ್ರಿಸ್‌ಮಸ್, ಬೇಸಿಗೆ ರಜೆ ಬಂತೆಂದರೆ ಕಾರವಾರದಿಂದ ಉಳ್ಳಾಲದವರೆಗೆ ಹೆದ್ದಾರಿ ಬದಿಯ ಮೀನೂಟದ ಹೋಟೆಲುಗಳಲ್ಲಿ ಕೂರಲು ಜಾಗ ಸಿಗುವುದಿಲ್ಲ. ಘಟ್ಟದ ಮೇಲಿನಿಂದ ಮಕ್ಕಳೊಂದಿಗೆ ಬರುವ ಕುಟುಂಬಗಳನ್ನು ಸೆಳೆಯಲು ಊಟದ ಕೋಣೆಯಲ್ಲೇ ದೊಡ್ಡ ಅಕ್ವೇರಿಯಂ ಇಡುವ ರೂಢಿ ಈಚೆಗೆ ಬೆಳೆಯುತ್ತಿದೆ. ನೀಲಿ ದೀಪ, ಗುಳ್ಳೆ ಬಿಡುವ ಆಟಿಕೆ, ಬಣ್ಣದ ಕಲ್ಲು, ನಡುವೆ ಈಜುವ ಮೀನುಗಳು. ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಆ ಖುಷಿಗೆ ನಮ್ಮ ಆಕ್ಷೇಪವಿಲ್ಲ. ಆದರೆ ಗಾಜಿನೊಳಗೆ ಜೀವಂತ ಮೀನು ಕಂಡವರು ತಟ್ಟೆಗೆ ಬರುವ ಮೀನೂ ಅಷ್ಟೇ ತಾಜಾ ಎಂದು ನಂಬುತ್ತಾರೆ. ಇತ್ತ ಆ ತೊಟ್ಟಿಯ ಮೀನುಗಳೂ ಸರಿಯಾದ ಆರೈಕೆಯಿಲ್ಲದೆ ಸಾಯುತ್ತಿರುತ್ತವೆ. ಹಾಗಾಗಿ ಹೋಟೆಲು ಮಾಲೀಕರಿಗೂ ಅಧಿಕಾರಿಗಳಿಗೂ ನಮ್ಮ ಒತ್ತಾಯ ಇಷ್ಟು: ಅಕ್ವೇರಿಯಂ ಇಟ್ಟ ಹೋಟೆಲು ಅದರ ಪಕ್ಕದಲ್ಲೇ ಆ ದಿನ ಬೇಯಿಸುವ ಮೀನನ್ನು ಐಸ್ ಟ್ರೇಯಲ್ಲಿ, ಹೆಸರು ಮತ್ತು ದರದ ಫಲಕದೊಂದಿಗೆ ಇಡಲಿ, ಗಿರಾಕಿಯ ಎದುರೇ ತೂಗಲಿ. ಅಕ್ವೇರಿಯಂ ಸಾಕುವ ವಿಧಾನ ತಿಳಿಯದಿದ್ದರೆ ಅದನ್ನು ಇಡುವುದೇ ಬೇಡ.

ನಮ್ಮ ಕರಾವಳಿಯ ಊಟದ ತಟ್ಟೆಯಲ್ಲಿರುವ ಮುಖ್ಯ ಮೀನುಗಳಲ್ಲಿ ಒಂದನ್ನೂ ಹೋಟೆಲಿನ ತೊಟ್ಟಿಯಲ್ಲಿ ಬದುಕಿಸಿಡಲು ಆಗದು. ಬಂಗುಡೆ (ಮ್ಯಾಕೆರಲ್), ಅಂಜಲ್ (ಸೀರ್ ಫಿಶ್) ಎರಡೂ ಸದಾ ಈಜುತ್ತಲೇ ಕಿವಿರಿನ ಮೂಲಕ ನೀರು ಹರಿಸಿಕೊಂಡು ಉಸಿರಾಡುವ ಮೀನುಗಳು. ಬಲೆಯಲ್ಲಿ ಸಿಕ್ಕಿ ನಿಂತ ಸ್ವಲ್ಪ ಹೊತ್ತಿಗೆ ಸಾಯುತ್ತವೆ. ಬೂತಾಯಿಯ (ಸಾರ್ಡೀನ್) ಹುರುಪೆ ಬಲೆ ತಾಗಿದರೇ ಉದುರುತ್ತದೆ, ಅದೂ ಉಳಿಯದು. ಹೋಟೆಲಿನ ತೊಟ್ಟಿಯಲ್ಲಿ ಹೆಚ್ಚಾಗಿ ಕಾಣುವುದು ಗೋಲ್ಡ್ ಫಿಶ್, ಕೋಯಿ, ಆಸ್ಕರ್, ಅರೋವಾನದಂಥ ಸಿಹಿನೀರಿನ ಅಲಂಕಾರಿಕ ಮೀನು. ಊಟಕ್ಕೆ ಜೀವಂತವಾಗಿ ಇಡಬಹುದಾದದ್ದು ಏಡಿ, ಚಿಪ್ಪು, ಪಂಜರ ಕೃಷಿಯ ಸೀ ಬಾಸ್, ತಿಲಾಪಿಯದಂಥ ಕೆಲವು ಮಾತ್ರ. ‘ಲೈವ್ ಫಿಶ್’ ಎಂಬ ಬೋರ್ಡ್ ಕಂಡರೆ ಯಾವ ಮೀನು ಎಂದು ಕೇಳಿ. ಇಂಥವುಗಳ ಬದಲು ಅಂಜಲ್, ಮಾಂಜಿ (ಪಾಂಫ್ರೆಟ್), ಕಾಣೆ (ಲೇಡಿ ಫಿಶ್) ಎಂಬ ಉತ್ತರ ಬಂದರೆ ಆ ಮಾತು ನಂಬುವಂಥದ್ದಲ್ಲ.

ತಾಜಾತನ ಗೊತ್ತಾಗುವುದು ಐಸ್ ಟ್ರೇಯಲ್ಲಿ. ಅದನ್ನು ಇಡುವುದರಲ್ಲೂ ಕ್ರಮವಿದೆ. ನಮ್ಮ ಸೆಕೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸ್ ಬೇಕು. ಕೆಳಗೊಂದು ಪದರ, ಮೇಲೊಂದು ಪದರ, ನಡುವೆ ಮೀನು. ಬರಿಯ ಐಸಿನ ಮೇಲೆ ಮೀನು ಮಲಗಿಸಿದರೆ ಕೆಳಗಿನ ಮೈ ಮಾತ್ರ ತಂಪಾಗುತ್ತದೆ, ಮೇಲಿನ ಮೈ ಕೋಣೆಯ ಸೆಕೆಗೆ ತೆರೆದಿರುತ್ತದೆ. ಟ್ರೇಯ ತಳದಲ್ಲಿ ತೂತಿರಬೇಕು, ಕರಗಿದ ನೀರು ಇಳಿದು ಹೋಗಬೇಕು. ನೀರಿನಲ್ಲಿ ಮುಳುಗಿದ ಮೀನಿನ ರುಚಿ ತೊಳೆದು ಹೋಗುತ್ತದೆ, ಒಂದು ಕೆಟ್ಟರೆ ಆ ನೀರಿನಿಂದ ಉಳಿದವೂ ಕೆಡುತ್ತವೆ. ಟ್ರೇಯ ಮೇಲೆ ಬಿಸಿ ಬಲ್ಬ್ ಉರಿಸುವುದು ದೊಡ್ಡ ತಪ್ಪು, ತಣ್ಣನೆಯ ಎಲ್‌ಇಡಿ ಸಾಕು. ಮಧ್ಯಾಹ್ನ ಪ್ರದರ್ಶನಕ್ಕಿಟ್ಟ ಮೀನನ್ನು ರಾತ್ರಿಗೂ ಅಲ್ಲೇ ಬಿಡಬಾರದು. ಎರಡು ಮೂರು ಗಂಟೆಗೊಮ್ಮೆ ಐಸ್ ಬದಲಿಸಿ, ಉಳಿದದ್ದನ್ನು ಫ್ರಿಜ್ಜಿಗೆ ಸೇರಿಸಬೇಕು. ಟ್ರೇಯಲ್ಲಿ ಪ್ರತಿ ಜಾತಿಯ ಒಂದೆರಡು ಮೀನು ತೋರಿಸಿದರೆ ಸಾಲದು, ಗಿರಾಕಿ ಕೈ ತೋರಿಸಿದ ಮೀನೇ ಒಲೆಗೆ ಹೋಗಬೇಕು.

ಟ್ರೇಯ ಎದುರು ನಿಂತವರು ಮೊದಲು ಕಣ್ಣು ನೋಡಲಿ. ತಾಜಾ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತದೆ, ಹಳತಾದದ್ದು ಒಳಗಿಳಿದು ಮಂಜಾಗುತ್ತದೆ. ಕಣ್ಣೊಂದನ್ನೇ ನಂಬುವುದು ಬೇಡ. ಐಸಿನ ಒತ್ತಡಕ್ಕೆ ಒಳ್ಳೆಯ ಮೀನಿನ ಕಣ್ಣೂ ಕೆಲವೊಮ್ಮೆ ತಗ್ಗಿರುತ್ತದೆ. ಕಿವಿರಿನ ಮುಚ್ಚಳ ಎತ್ತಿಸಿ ನೋಡಿ: ಕೆಂಪು ಇದ್ದರೆ ಸರಿ, ಕಂದು ಬಣ್ಣಕ್ಕೆ ತಿರುಗಿ ಲೋಳೆ ಕಟ್ಟಿದ್ದರೆ ಬೇಡ. ಬೆನ್ನಿನ ಭಾಗ ಒತ್ತಿದಾಗ ಬೆರಳಿನ ಗುರುತು ಮಾಯವಾಗಬೇಕು. ಬಂಗುಡೆ, ಬೂತಾಯಿಯಲ್ಲಿ ಹೊಟ್ಟೆ ನೋಡುವುದೇ ಮುಖ್ಯ, ಏಕೆಂದರೆ ಅವು ಕೆಡುವುದು ಹೊಟ್ಟೆಯಿಂದ. ಹೊಟ್ಟೆ ಒಡೆದಿದ್ದರೆ ಕಣ್ಣು ಎಷ್ಟು ಹೊಳೆದರೂ ಬೇಡ. ಸಿಗಡಿಯ ತಲೆ ಮೈಯಿಂದ ಜೋತು ಬಿದ್ದಿದ್ದರೆ, ಕಾಲಿನ ಬುಡ ಕಪ್ಪಾಗಿದ್ದರೆ ಅದು ಹಳತು. ಬೊಂಡಾಸಿನ (ಸ್ಕ್ವಿಡ್) ಬಿಳಿ ಮಾಂಸ ಗುಲಾಬಿ ಬಣ್ಣಕ್ಕೆ ತಿರುಗಿದ್ದರೂ ಹಾಗೆಯೇ. ಏಡಿಯನ್ನು ಕೈಯಲ್ಲಿ ಎತ್ತಿ ನೋಡಿದರೆ ಗಾತ್ರಕ್ಕೆ ಮೀರಿದ ಭಾರ ಇರಬೇಕು. ಹಗುರವಿದ್ದರೆ ಈಚೆಗೆ ಚಿಪ್ಪು ಕಳಚಿದ್ದು, ಒಳಗೆ ನೀರೇ ಹೆಚ್ಚು. ಮರುವಾಯಿ ಎಂಬ ಚಿಪ್ಪುಮೀನು ಬಾಯಿ ಮುಚ್ಚಿಕೊಂಡಿರಬೇಕು, ತೆರೆದದ್ದನ್ನು ತಟ್ಟಿದರೆ ಮುಚ್ಚಿಕೊಳ್ಳಬೇಕು. ಬೆಂದ ಮೇಲೂ ಬಾಯಿ ತೆರೆಯದ ಚಿಪ್ಪನ್ನು ತಟ್ಟೆಯ ಬದಿಗಿಡಿ.

‘ಇವತ್ತಿನ ಮೀನು’ ಎಂಬ ಮಾತಿನ ಅರ್ಥವೂ ಪ್ರವಾಸಿಗರಿಗೆ ತಿಳಿದಿರಲಿ. ಸುತ್ತುಬಲೆ ಹಾಕುವ ಪರ್ಸೀನ್ ಬೋಟುಗಳು ಸಾಮಾನ್ಯವಾಗಿ ಹೋದ ದಿನವೇ ದಡಕ್ಕೆ ಮರಳುತ್ತವೆ. ಅವುಗಳ ಬಂಗುಡೆ, ಬೂತಾಯಿ ನಿಜಕ್ಕೂ ಆ ದಿನದ್ದೇ. ಬಲೆ ಎಳೆಯುತ್ತಾ ಸಾಗುವ ಆಳಸಮುದ್ರದ ಟ್ರಾಲ್ ಬೋಟು ವಾರ, ಹತ್ತು ದಿನ ಕಡಲಿನಲ್ಲಿರುತ್ತದೆ. ಮಲ್ಪೆಯಲ್ಲೋ ಮಂಗಳೂರಿನ ಮೀನು ಬಂದರಾದ ಧಕ್ಕೆಯಲ್ಲೋ ಇವತ್ತು ಬೆಳಿಗ್ಗೆ ಹರಾಜಾದ ಮೀನು ಆ ಬೋಟಿನ ಸ್ಟೋರೇಜಿನ ತಳದಲ್ಲಿ ಎಂಟು ದಿನ ಐಸಿನಲ್ಲಿದ್ದದ್ದೂ ಆಗಿರಬಹುದು, ಕೊನೆಯ ಬಲೆಯಲ್ಲಿ ಬಿದ್ದದ್ದೂ ಆಗಿರಬಹುದು. ಎರಡೂ ‘ಇವತ್ತು ದಡಕ್ಕೆ ಬಂದ ಮೀನೇ’. ಆದ್ದರಿಂದ ಮಾತಿಗಿಂತ ಕಿವಿರು ನೋಡುವುದು ಮೇಲು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ನಮ್ಮಲ್ಲಿ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳೂ ಇಳಿಯುವಂತಿಲ್ಲ, ನಾಡದೋಣಿ ಮಾತ್ರ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜೂನ್ ಮಧ್ಯದ ಬಳಿಕ ಆ ಕಡೆಯ ಮೀನು ಲಾರಿಯಲ್ಲಿ ಇಲ್ಲಿಗೆ ಬರುತ್ತದೆ, ಉಳಿದದ್ದು ಕೋಲ್ಡ್ ಸ್ಟೋರೇಜಿನದ್ದು. ಮಳೆಗಾಲದಲ್ಲಿ ಬರುವ ಕುಟುಂಬಕ್ಕೆ ‘ಈಗಷ್ಟೇ ಧಕ್ಕೆಯಿಂದ ಬಂದ ಅಂಜಲ್’ ಎಂದು ಹೇಳುವ ಹೋಟೆಲಿನ ಬಗ್ಗೆ ಎಚ್ಚರವಿರಲಿ. ಫ್ರೋಜನ್ ಎಂದು ಹೇಳಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹಿಡಿದ ಕೂಡಲೇ ಹೆಪ್ಪುಗಟ್ಟಿಸಿ ಮೈನಸ್ 18 ಡಿಗ್ರಿಯಲ್ಲಿ ಇಟ್ಟ ಮೀನು, ಹತ್ತು ದಿನ ಐಸಿನಲ್ಲಿ ಕೊರಗಿದ ಮೀನಿಗಿಂತ ಎಷ್ಟೋ ಉತ್ತಮ. ಕೆಡುವುದು ಕರಗಿಸುವಾಗ. ರಾತ್ರಿಯೇ ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿ ನಿಧಾನವಾಗಿ ಕರಗಿಸುವ ಬದಲು ಬಿಸಿ ನೀರಿನಲ್ಲಿ ಹಾಕಿದರೆ ಹೊರಗೆ ಮೆತ್ತಗಾಗಿ ಒಳಗೆ ಕಲ್ಲಾಗಿರುತ್ತದೆ. ಕರಗಿಸಿ ಉಳಿದದ್ದನ್ನು ಮತ್ತೆ ಫ್ರೀಜರಿಗೆ ಹಾಕಿದರೆ ಮಾಂಸದ ನಾರು ಬಿಟ್ಟುಕೊಂಡು ಹತ್ತಿಯ ಹಾಗೆ ಆಗುತ್ತದೆ. ತುಂಡಿನ ಅಂಚಿನಲ್ಲಿ ಒಣಗಿದ ಬಿಳಿ ಕಲೆ, ತಟ್ಟೆಯಲ್ಲಿ ಸೋರುವ ನೀರು ಇದರ ಗುರುತು.

ಫಲಕದಲ್ಲಿ ಮೀನಿನ ಹೆಸರು ಸ್ಥಳೀಯವಾಗಿಯೂ ಇರಲಿ. ಮಂಗಳೂರಿನ ಅಂಜಲ್ ಕಾರವಾರದಲ್ಲಿ ಇಸ್ವಾಣ್, ಇಲ್ಲಿನ ಬೂತಾಯಿ ಅಲ್ಲಿ ತಾರ್ಲೆ, ಮರುವಾಯಿಗೆ ಅಲ್ಲಿ ತಿಸ್ರಿ ಎನ್ನುತ್ತಾರೆ. ಹೊರಗಿನವರಿಗೆ ಇದರಿಂದ ಗೊಂದಲ, ಕೆಲವರಿಗೆ ಅದೇ ಅನುಕೂಲ. ಕಪ್ಪು ಮಾಂಜಿ ತಿನ್ನಲು ಚೆನ್ನಾಗಿಯೇ ಇರುತ್ತದೆ, ಆದರೆ ಅದು ಬಿಳಿ ಮಾಂಜಿಯ ಕುಲದ್ದಲ್ಲ, ದರವೂ ಕಡಿಮೆ. ಬರಿಯ ‘ಪಾಂಫ್ರೆಟ್’ ಎಂದು ಬರೆದು ಬಿಳಿಯ ದರ ಹಾಕುವುದು ಸರಿಯಲ್ಲ. ಮಕ್ಕಳಿಗೆಂದು ತರಿಸುವ ಫಿಶ್ ಫಿಂಗರ್, ಮುಳ್ಳಿಲ್ಲದ ತವಾ ಫಿಲೆ, ಫಿಶ್ ಟಿಕ್ಕಾಗಳಲ್ಲಿ ಬಹಳ ಕಡೆ ಬಳಸುವುದು ಬಾಸಾ ಎಂಬ ಸಿಹಿನೀರಿನ ಸಾಕಣೆ ಮೀನು. ಬೆಳ್ಳಗೆ, ಮೆತ್ತಗೆ, ವಾಸನೆಯಿಲ್ಲದೆ ಇರುತ್ತದೆ. ತಿನ್ನಬಾರದ್ದೇನೂ ಅಲ್ಲ. ಆದರೆ ನಾನೂರು ಕಿಲೋಮೀಟರ್ ಬಂದು ಕಡಲ ದಡದಲ್ಲಿ ಕೂತು ಕೆರೆಯ ಮೀನು ತಿನ್ನುತ್ತಿದ್ದೇವೆಂದು ಆ ಕುಟುಂಬಕ್ಕೆ ತಿಳಿಯಬೇಡವೇ?

ಜಗಳ ಹುಟ್ಟುವುದು ಬಿಲ್ಲಿನಲ್ಲಿ. ಮೆನುವಿನಲ್ಲಿ ದರದ ಜಾಗದಲ್ಲಿ ‘ಎ.ಪಿ.ಎಸ್.’ ಎಂದಿರುತ್ತದೆ, ಅಂದರೆ ಗಾತ್ರಕ್ಕೆ ತಕ್ಕಂತೆ. ಗಾತ್ರ ಎಂದರೆ ಯಾವುದು? ಇಡೀ ಮೀನಿನ ತೂಕವೋ, ಸ್ವಚ್ಛ ಮಾಡಿದ ಮೇಲಿನದ್ದೋ? ಒಂದು ಕಿಲೋ ಅಂಜಲಿನ ತಲೆ, ಕರುಳು, ರೆಕ್ಕೆ ತೆಗೆದರೆ ಮುಕ್ಕಾಲು ಕಿಲೋ ಆಸುಪಾಸು ಉಳಿಯುತ್ತದೆ. ತಲೆ ಸಹಿತ ಸಿಗಡಿ ಒಂದು ಕಿಲೋ ಸುಲಿದರೆ ಸಿಗುವುದು ಅರ್ಧ ಕಿಲೋ ಚಿಲ್ಲರೆ. ಏಡಿಯಲ್ಲಂತೂ ಒಂದು ಕಿಲೋಗೆ ಕಾಲು ಕಿಲೋ ಮಾಂಸ ಸಿಕ್ಕರೆ ಒಳ್ಳೆಯದು. ಆದ್ದರಿಂದ ಮಸಾಲೆ ಹಚ್ಚುವ ಮುಂಚೆ, ಮುದ್ರೆಯಿರುವ ತಕ್ಕಡಿಯಲ್ಲಿ, ಗಿರಾಕಿಯ ಎದುರು ತೂಗಿ, ತೂಕ ಮತ್ತು ಒಟ್ಟು ದರ ಬರೆದ ಚೀಟಿ ಮೇಜಿಗೆ ಕೊಡಬೇಕು. ಮಸಾಲೆ ಹಚ್ಚಿದ ಮೇಲೆ ತೂಗಿದರೆ ಹುಣಸೆಹಣ್ಣಿಗೂ ಮೆಣಸಿಗೂ ಮೀನಿನ ದರ ಕೊಟ್ಟಂತೆ. ಬಂದವರೂ ಹಸಿವಿನ ಭರದಲ್ಲಿ ಎಲ್ಲವನ್ನೂ ಒಟ್ಟಿಗೆ ಹೇಳದಿರಲಿ. ದೊಡ್ಡವರಿಗೆ ತಲಾ 150ರಿಂದ 200 ಗ್ರಾಂ, ಮಕ್ಕಳಿಗೆ 75ರಿಂದ 100 ಗ್ರಾಂ ಹಸಿ ಮೀನು ಸಾಕು. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿದ್ದರೆ ಎರಡು ಮೀನೂಟ, ಎರಡು ತುಂಡು ಅಂಜಲ್ ತವಾ, ಒಂದು ಪ್ಲೇಟ್ ಕಾಣೆ ರವಾ ಫ್ರೈ, ಒಂದು ಮರುವಾಯಿ ಸುಕ್ಕ, ಜೊತೆಗೆ ನೀರುದೋಸೆ. ಹಸಿವು ಉಳಿದರೆ ಮತ್ತೆ ಹೇಳಬಹುದು.

ಅಡುಗೆಯ ವಿಷಯದಲ್ಲಿ ಒಂದು ಪರೀಕ್ಷೆ ಇದೆ. ಮೀನಿನ ಗುಣ ಗೊತ್ತಾಗುವುದು ತೆಳು ಸಾರಿನಲ್ಲಿ, ಇಲ್ಲವೇ ಉಪ್ಪು, ಅರಿಶಿನ, ತುಸು ಮೆಣಸು ಹಚ್ಚಿದ ಸಾದಾ ಫ್ರೈಯಲ್ಲಿ. ಬ್ಯಾಡಗಿ ಮೆಣಸು, ತುಪ್ಪ, ಹುಳಿ ಸೇರಿ ಗಟ್ಟಿಯಾದ ಘೀ ರೋಸ್ಟ್ ಅಥವಾ ಪುಳಿಮುಂಚಿ ಬಲು ರುಚಿ, ಆದರೆ ಅದರ ಅಡಿಯಲ್ಲಿ ಹಳೆಯ ಮೀನನ್ನೂ ಅಡಗಿಸಬಹುದು. ಗೊತ್ತಿಲ್ಲದ ಹೋಟೆಲಿನಲ್ಲಿ ಮೊದಲು ಸಾದಾ ಫ್ರೈ ಒಂದು ಪ್ಲೇಟ್ ತರಿಸಿ ರುಚಿ ನೋಡಿ, ಆಮೇಲೆ ಉಳಿದದ್ದು ಹೇಳುವುದು ಜಾಣತನ. ರವಾ ಫ್ರೈ ಕೆಡುವುದು ಎಣ್ಣೆಯ ಬಿಸಿಯಲ್ಲಿ. ಎಣ್ಣೆ 170ರಿಂದ 180 ಡಿಗ್ರಿ ಇರಬೇಕು. ಅದಕ್ಕಿಂತ ತಣ್ಣಗಿದ್ದರೆ ರವೆ ಎಣ್ಣೆ ಕುಡಿದು ಮೆತ್ತಗಾಗುತ್ತದೆ, ಹೆಚ್ಚಾದರೆ ರವೆ ಸೀದು ಮುಳ್ಳಿನ ಬಳಿ ಹಸಿ ಉಳಿಯುತ್ತದೆ. ಜನ ತುಂಬಿದ ಭಾನುವಾರ ಒಂದೇ ತವಾಕ್ಕೆ ಹತ್ತು ತುಂಡು ಒತ್ತಿದಾಗ ಆಗುವುದು ಮೊದಲನೆಯದು. ಎರಡು ಸೆಂಟಿಮೀಟರ್ ದಪ್ಪದ ತುಂಡಿಗೆ ಒಂದೊಂದು ಬದಿಗೆ ನಾಲ್ಕೈದು ನಿಮಿಷ ಬೇಕು. ತುಂಡು ಬಿಡಿಸಿದಾಗ ನಡುಮುಳ್ಳಿನ ಸುತ್ತ ಕೆಂಪು ಕಂಡರೆ, ಮಾಂಸ ಮುಳ್ಳಿಗೆ ಅಂಟಿಕೊಂಡಿದ್ದರೆ, ಸಂಕೋಚಪಡದೆ ವಾಪಸ್ ಕಳಿಸಿ ಬೇಯಿಸಿಕೊಳ್ಳಿ.

ಚಿಕ್ಕ ಮಕ್ಕಳಿಗೆ ಅಂಜಲ್ ಮತ್ತು ಕಾಣೆಯೇ ಸರಿ. ಅಂಜಲಿನ ತುಂಡಿನಲ್ಲಿ ನಡುಮುಳ್ಳನ್ನು ತೆಗೆದರೆ ಹೆಚ್ಚು ಕಡಿಮೆ ಮುಗಿಯಿತು. ಕಾಣೆಯ ಬೆನ್ನಿನುದ್ದಕ್ಕೂ ಮೆಲ್ಲಗೆ ಒತ್ತಿ, ತಲೆ ಹಿಡಿದು ಎತ್ತಿದರೆ ಮುಳ್ಳಿನ ಸರ ಪೂರ್ತಿ ಕೈಗೆ ಬರುತ್ತದೆ. ಬಂಗುಡೆಯನ್ನು ಬೆನ್ನಿನ ಗೆರೆಯಿಂದ ಬಿಡಿಸಿ ಮೇಲಿನ ಪದರ ಕೊಡಬಹುದು, ಹೊಟ್ಟೆಯ ಕಡೆಯ ಸಣ್ಣ ಮುಳ್ಳುಗಳನ್ನು ದೊಡ್ಡವರೇ ತಿನ್ನುವಾಗ ನೋಡಿಕೊಳ್ಳಲಿ. ಬೂತಾಯಿ ರುಚಿಗೆ ರಾಜ, ಆದರೆ ಮುಳ್ಳು ಬಿಡಿಸಿ ಗೊತ್ತಿಲ್ಲದ ಮಗುವಿಗೆ ಬೇಡ. ಅಕ್ವೇರಿಯಂ ಕಡೆ ಮುಖ ಮಾಡಿ, ಓಡಾಡುತ್ತಾ ಮೀನು ತಿನ್ನಿಸುವುದು ಅಪಾಯ. ಗಂಟಲಿಗೆ ಮುಳ್ಳು ಸಿಕ್ಕುವುದು ಇಂಥ ಹೊತ್ತಿನಲ್ಲೇ. ಸಿಕ್ಕಿದರೆ ಅನ್ನದ ಉಂಡೆ, ಬಾಳೆಹಣ್ಣು ನುಂಗಿಸುವ ಹಳೆಯ ಉಪಾಯ ಮಾಡಬೇಡಿ, ಮುಳ್ಳು ಇನ್ನಷ್ಟು ಆಳಕ್ಕೆ ಚುಚ್ಚುತ್ತದೆ. ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋದರೆ ಚಿಮುಟದಲ್ಲಿ ತೆಗೆಯುತ್ತಾರೆ.

ಸಿಗಡಿ, ಏಡಿಯ ಅಲರ್ಜಿ ಇರುವವರು ಆರ್ಡರ್ ಕೊಡುವ ಮೊದಲೇ ಹೇಳಬೇಕು. ಆ ಅಲರ್ಜಿಗೆ ಕಾರಣವಾದ ಪ್ರೋಟೀನ್ ಬೇಯಿಸಿದರೂ ಹಾಳಾಗದು, ಸಿಗಡಿ ಕರಿದ ಎಣ್ಣೆಯಲ್ಲೇ ಮೀನು ಕರಿದರೂ ತೊಂದರೆ ಕೊಡಬಲ್ಲದು. ಸಸ್ಯಾಹಾರಿ ಅಜ್ಜ, ಅಜ್ಜಿ ಜೊತೆಗಿದ್ದರೂ ಕೇಳಬೇಕಾದದ್ದು ಇದೇ: ಗೋಬಿಗೆ ಬೇರೆ ಬಾಣಲೆ ಇದೆಯೇ? ಇನ್ನೊಂದು ತೊಂದರೆ ಅಲರ್ಜಿಯಂತೆಯೇ ಕಾಣುತ್ತದೆ, ಆದರೆ ಅಲರ್ಜಿಯಲ್ಲ. ಬಂಗುಡೆ, ಬೂತಾಯಿ, ಟ್ಯೂನಾದಂಥ ಮೀನು ಐಸಿಲ್ಲದೆ ಕೆಲವು ಗಂಟೆ ಬಿಸಿಯಲ್ಲಿದ್ದರೆ ಬ್ಯಾಕ್ಟೀರಿಯಾ ಅದರಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಉಂಟುಮಾಡುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕರಿದರೂ ಕುದಿಸಿದರೂ ಹೋಗುವುದಿಲ್ಲ, ಮತ್ತೆ ಐಸಿಗೆ ಹಾಕಿದರೂ ಹೋಗುವುದಿಲ್ಲ. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪೇರುತ್ತದೆ, ತಲೆನೋವು, ತುರಿಕೆ ಬರುತ್ತದೆ. ತಿನ್ನುವಾಗಲೇ ನಾಲಗೆಗೆ ಕಾಳುಮೆಣಸಿನಂತೆ ಚುರುಕು ಅನಿಸಿದರೆ ಅಲ್ಲಿಗೇ ಬಿಡಿ. ಉಸಿರಾಟಕ್ಕೆ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಈಗ ಗಾಜಿನೊಳಗಿನ ಜೀವಗಳ ಮಾತು. ಹೋಟೆಲಿನ ಅಕ್ವೇರಿಯಂಗಳಲ್ಲಿ ಮೀನು ಸಾಯುವುದಕ್ಕೆ ದೊಡ್ಡ ಕಾರಣ ಅವಸರ. ಉದ್ಘಾಟನೆಯ ಹಿಂದಿನ ದಿನ ತೊಟ್ಟಿ ತಂದು, ನೀರು ತುಂಬಿ, ಅಂದೇ ಇಪ್ಪತ್ತು ಮೀನು ಬಿಡುತ್ತಾರೆ. ಮೀನು ಕಿವಿರಿನಿಂದ ಹೊರಹಾಕುವ ಅಮೋನಿಯಾ ಅದಕ್ಕೇ ವಿಷ. ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲುಗಳಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಬಗೆಯದ್ದು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಎರಡೂ ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಒಂದೆರಡು ಗಟ್ಟಿ ಮೀನು ಮಾತ್ರ ಬಿಟ್ಟು, ಚಿಟಿಕೆ ಆಹಾರ ಕೊಟ್ಟು ಕಾಯಬೇಕು. ಹಾಗೆ ಕಾಯದ ತೊಟ್ಟಿಯಲ್ಲಿ ಎರಡನೇ, ಮೂರನೇ ವಾರ ಮೀನುಗಳು ಸಾಲಾಗಿ ಸಾಯುತ್ತವೆ. ಹೋಟೆಲಿನವರು ‘ಬ್ರೀಡ್ ಸರಿಯಿಲ್ಲ’ ಎಂದು ಹೊಸದನ್ನು ತಂದು ಬಿಡುತ್ತಾರೆ, ಅವೂ ಅದೇ ದಾರಿ ಹಿಡಿಯುತ್ತವೆ. ನೀರು ಪರೀಕ್ಷಿಸುವ ಸಣ್ಣ ಕಿಟ್ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು.

ಆರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಗೆ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ. ವಾರಕ್ಕೆ ಅದರ ಕಾಲು ಭಾಗ, ಅಂದರೆ 170 ಲೀಟರ್ ಬದಲಿಸಬೇಕು. ನೀರು ಕಲಕಾಯಿತೆಂದು ಪೂರ್ತಿ ಖಾಲಿ ಮಾಡಿ, ಕಲ್ಲುಗಳನ್ನೂ ಸ್ಪಂಜನ್ನೂ ನಲ್ಲಿ ನೀರಿನಲ್ಲಿ ಉಜ್ಜಿ ತೊಳೆಯುವವರಿದ್ದಾರೆ. ಬೆಳೆದ ಬ್ಯಾಕ್ಟೀರಿಯಾ ಆ ಕ್ಲೋರಿನ್‌ಗೆ ಸತ್ತು, ತೊಟ್ಟಿ ಮತ್ತೆ ಮೊದಲ ದಿನಕ್ಕೆ ಹೋಗುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ಮತ್ತೆ ಹಾಕಬೇಕು. ಹೊಸ ನೀರನ್ನು ಒಂದು ದಿನ ಡ್ರಮ್ಮಿನಲ್ಲಿ ಗಾಳಿ ಪಂಪ್ ಹಾಕಿ ಬಿಟ್ಟು, ಕ್ಲೋರಿನ್ ಹೋದ ಮೇಲೆ ಸುರಿಯಬೇಕು. ಇನ್ನು ಕರೆಂಟ್ ಉಳಿಸಲು ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆರಿಸುವ ಅಭ್ಯಾಸ. ಫಿಲ್ಟರ್ ನಿಂತರೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ, ಬೆಳಿಗ್ಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ಆರಿಸಬೇಕಾದದ್ದು ದೀಪವನ್ನು. ದಿನಕ್ಕೆ ಎಂಟು ಹತ್ತು ಗಂಟೆ ಬೆಳಕು ಸಾಕು, ಮೀನಿಗೂ ರಾತ್ರಿ ಬೇಕು. ಫಿಲ್ಟರಿಗೆ ಬೇರೆ ಲೈನ್ ಎಳೆಸಿ, ಕರೆಂಟ್ ಹೋದಾಗ ನಡೆಯುವ ಬ್ಯಾಟರಿ ಗಾಳಿ ಪಂಪ್ ಒಂದನ್ನು ಇಟ್ಟುಕೊಳ್ಳಲಿ.

ಹೋಟೆಲಿಗೇ ವಿಶೇಷವಾದ ಅಪಾಯಗಳೂ ಇವೆ. ಜಿರಳೆಗೆ ಹೊಡೆಯುವ ಸ್ಪ್ರೇ, ಸೊಳ್ಳೆ ಬತ್ತಿ, ಲಿಕ್ವಿಡ್ ಇವುಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಮೀನಿಗೆ ಬಹಳ ಸಣ್ಣ ಪ್ರಮಾಣದಲ್ಲೂ ಮಾರಕ, ಮತ್ತು ಗಾಳಿ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಕೀಟನಾಶಕ ಹೊಡೆಯುವ ದಿನ ತೊಟ್ಟಿ ಮುಚ್ಚಿ ಪಂಪಿನ ಪೈಪನ್ನು ಹೊರಗಿನ ಗಾಳಿಗೆ ಇಡಬೇಕು. ಅಡುಗೆಮನೆಯ ಎಣ್ಣೆಹೊಗೆ ನೀರಿನ ಮೇಲೆ ಪೊರೆ ಕಟ್ಟಿ ಆಮ್ಲಜನಕ ಇಳಿಯದಂತೆ ಮಾಡುತ್ತದೆ. ಆದ್ದರಿಂದ ತೊಟ್ಟಿ ಅಡುಗೆಮನೆ ಬಾಗಿಲಿನ ಎದುರು ಇರಬಾರದು, ದೊಡ್ಡ ಸ್ಪೀಕರಿನ ಪಕ್ಕದಲ್ಲೂ ಬೇಡ. ಮೀನಿಗೆ ಮೈಯ ಎರಡೂ ಬದಿಯ ಗೆರೆಯಲ್ಲಿ ಕಂಪನ ಅರಿಯುವ ಶಕ್ತಿಯಿದೆ, ಗಾಜು ತಟ್ಟಿದ ಪ್ರತಿಸಲ ಅದು ಬೆದರುತ್ತದೆ. ಮಕ್ಕಳಿಗೆ ಇದನ್ನು ಹೇಳಿದರೆ ಅರ್ಥಮಾಡಿಕೊಳ್ಳುತ್ತಾರೆ, ಬೈಯುವ ಅಗತ್ಯವಿಲ್ಲ. ತಟ್ಟೆಯ ಅನ್ನ, ಕರಿದ ಸಿಗಡಿಯ ಚೂರು ತೊಟ್ಟಿಗೆ ಬಿದ್ದರೆ ಕೊಳೆತು ಅದೂ ಅಮೋನಿಯಾ ಆಗುತ್ತದೆ, ಹಾಗಾಗಿ ಮೇಲೆ ಮುಚ್ಚಳ ಇರಲೇಬೇಕು.

ಉಪ್ಪುನೀರಿನ ತೊಟ್ಟಿ ಇನ್ನೂ ಕಷ್ಟದ್ದು. ನೀರಿನ ಪಿಎಚ್ 8ರ ಮೇಲಿರುವುದರಿಂದ ಅಷ್ಟೇ ಅಮೋನಿಯಾ ಅಲ್ಲಿ ಹಲವು ಪಟ್ಟು ವಿಷಕಾರಿ. ಉಪ್ಪಿನ ಪ್ರಮಾಣ ತೋರಿಸುವ ನೀರಿನ ಸಾಪೇಕ್ಷ ಸಾಂದ್ರತೆ 1.023ರಿಂದ 1.025ರೊಳಗೆ ನಿಲ್ಲಬೇಕು. ಎ.ಸಿ. ಹಾಲಿನಲ್ಲಿ ನೀರು ಆವಿಯಾಗಿ ಉಪ್ಪು ಉಳಿದು ಗಟ್ಟಿಯಾಗುತ್ತದೆ, ಆದ್ದರಿಂದ ಕಡಿಮೆಯಾದಷ್ಟಕ್ಕೆ ಸಿಹಿನೀರನ್ನೇ ತುಂಬಬೇಕು. ‘ಕಡಲು ಎದುರಿಗೇ ಇದೆಯಲ್ಲ’ ಎಂದು ಕೊಡದಲ್ಲಿ ತಂದು ಸುರಿದರೆ ಮಳೆಗಾಲದಲ್ಲಿ ಅಳಿವೆಯ ಬಳಿ ಉಪ್ಪೇ ಇರುವುದಿಲ್ಲ, ದಡದ ಎಣ್ಣೆ, ಕೊಳಕು ಮಾತ್ರ ಬರುತ್ತದೆ. ಅಲಂಕಾರಕ್ಕೆ ನಿಜವಾದ ಹವಳ, ಸಮುದ್ರಕುದುರೆ ಇಡುವುದು ಅಪರಾಧ. ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ, 2001ರಲ್ಲಿ ಪಟ್ಟಿಗೆ ಸೇರಿವೆ. ರಾಳದಲ್ಲಿ ಮಾಡಿದ ಹವಳ ಅಂಗಡಿಯಲ್ಲಿ ಸಿಗುತ್ತದೆ, ಮಕ್ಕಳಿಗೆ ಅಷ್ಟೇ ಚೆಂದ ಕಾಣುತ್ತದೆ.

ಕೂರುವವರ ಸುರಕ್ಷತೆಯೂ ಮುಖ್ಯ. 680 ಲೀಟರ್ ನೀರೆಂದರೆ 680 ಕಿಲೋ, ಗಾಜು, ಕಲ್ಲು, ಸ್ಟ್ಯಾಂಡ್ ಸೇರಿ ಟನ್ನಿನ ಹತ್ತಿರ. ಮೊದಲ ಮಹಡಿಯ ಹಾಲಿನಲ್ಲಿ ಇಡುವ ಮೊದಲು ಎಂಜಿನಿಯರನ್ನು ಕೇಳಬೇಕು. ನೆಲ ಸಮತಟ್ಟಾಗಿರಬೇಕು, ಗಾಜಿನ ಅಡಿಗೆ ಥರ್ಮಾಕೋಲ್ ಹಾಳೆ ಬೇಕು, ಇಲ್ಲವಾದರೆ ಒಂದು ಮೂಲೆಗೆ ಭಾರ ಬಿದ್ದು ಸಿಲಿಕಾನ್ ಬೆಸುಗೆ ಬಿಡುತ್ತದೆ. ವೈರುಗಳು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೇರಬೇಕು, ಆಗ ಹರಿದ ನೀರು ಕೆಳಗೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಕರೆಂಟ್ ಸೋರಿದರೆ ತಾನೇ ಆರುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇಲ್ಲದೆ ಮಕ್ಕಳ ಕೈಗೆ ಸಿಗುವ ಕಡೆ ಅಕ್ವೇರಿಯಂ ಇಡಲೇಬಾರದು. ತೊಟ್ಟಿ ತೊಳೆದ ಬಕೆಟ್ಟನ್ನು ಅಡುಗೆಮನೆಯ ಸಿಂಕಿನಲ್ಲಿ ಸುರಿಯುವುದು, ಅದೇ ಕೈಯಲ್ಲಿ ಬಡಿಸುವುದು ಇವೆರಡೂ ನಿಲ್ಲಬೇಕು. ಕೈಯಲ್ಲಿ ಗಾಯವಿರುವವರು ಕೈಗವಸಿಲ್ಲದೆ ತೊಟ್ಟಿಗೆ ಕೈ ಹಾಕಿದರೆ ತಿಂಗಳುಗಟ್ಟಲೆ ವಾಸಿಯಾಗದ ಚರ್ಮದ ಸೋಂಕು ಬರಬಹುದು.

ತೊಟ್ಟಿಗಿಂತ ದೊಡ್ಡದಾಗಿ ಬೆಳೆದ ಮೀನನ್ನು ಹೊಳೆಗೋ ಕೆರೆಗೋ ಬಿಡುವುದು ದಯೆ ಎಂದು ಹಲವರು ತಿಳಿದಿದ್ದಾರೆ. ಗಾಜು ಸ್ವಚ್ಛ ಮಾಡುತ್ತದೆಂದು ತರುವ ಸಕ್ಕರ್ ಮೀನು ಹೀಗೆಯೇ ದೇಶದ ಹಲವು ಕೆರೆ, ಹೊಳೆಗಳನ್ನು ಸೇರಿದೆ. ಒರಟು ಕವಚದ ಆ ಮೀನು ಬಲೆ ಹರಿಯುತ್ತದೆ, ದಂಡೆಯಲ್ಲಿ ಬಿಲ ತೋಡುತ್ತದೆ, ಅದನ್ನು ಕೊಳ್ಳುವವರೂ ಇಲ್ಲ. ಬೇಡವಾದ ಮೀನನ್ನು ಅಕ್ವೇರಿಯಂ ಅಂಗಡಿಗೆ ಮರಳಿಸಬೇಕು. ಎರಡಡಿ ಬೆಳೆಯುವ ಕೋಯಿಯನ್ನು ಒಂದೂವರೆ ಅಡಿ ಅಗಲದ ತೊಟ್ಟಿಗೆ ತರದಿರುವುದು ಅದಕ್ಕಿಂತ ಉತ್ತಮ.

ಮೀನುಗಾರಿಕೆ, ಆಹಾರ ಸುರಕ್ಷತೆ ಮತ್ತು ತೂಕ-ಅಳತೆ ಇಲಾಖೆಗಳು ರಜೆಯ ದಿನಗಳಲ್ಲಿ ಒಟ್ಟಾಗಿ ಒಂದು ಸುತ್ತು ಬಂದರೆ ಇದರಲ್ಲಿ ಅರ್ಧ ಸರಿಹೋಗುತ್ತದೆ. ಮೀನು ಕೆಡದಂತೆ ಕಾಣಲು ಹಾಕುವ ಫಾರ್ಮಾಲಿನ್, ಅಮೋನಿಯಾ ಬೆರೆತಿದೆಯೇ ಎಂದು ನಿಮಿಷಗಳಲ್ಲಿ ತೋರಿಸುವ ಕಾಗದದ ಪಟ್ಟಿಯ ಕಿಟ್ಟನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದೆ, ತಪಾಸಣೆಗೆ ಬರುವವರ ಚೀಲದಲ್ಲಿ ಅದು ಇರಲಿ. 2022ರ ಜನವರಿ 1ರಿಂದ ಹೋಟೆಲ್ ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಪರವಾನಗಿ ಸಂಖ್ಯೆ ಕಡ್ಡಾಯ. ಅದಿಲ್ಲದ ಬಿಲ್ಲು, ಚೀಟಿಗಿಂತ ಹೆಚ್ಚಿನ ತೂಕ, ಕೇಳದೆ ಸೇರಿಸಿದ ಸೇವಾ ಶುಲ್ಕ ಕಂಡರೆ ಪ್ರವಾಸಿಗರು ಬಿಲ್ಲಿನ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಕಡಲಿಗಿಳಿಯುತ್ತವೆ. ಅಷ್ಟರೊಳಗೆ ಪ್ರತಿ ಮೀನೂಟದ ಹೋಟೆಲು ಒಂದು ಕಪ್ಪು ಹಲಗೆ, ಒಂದು ಐಸ್ ಟ್ರೇ, ಮುದ್ರೆ ಹಾಕಿಸಿದ ಒಂದು ತಕ್ಕಡಿ ಸಿದ್ಧಮಾಡಿಕೊಳ್ಳಲಿ.

ಇತಿ,
ಮೀನು ವ್ಯಾಪಾರ ಹಾಗೂ ಅಕ್ವೇರಿಯಂ ನಿರ್ವಹಣೆಯಲ್ಲಿರುವ ಕೆಲವು ಓದುಗರು,
ಮಲ್ಪೆ, ಉಡುಪಿ